ಮಂತ್ರಿಬಾಯಿಗಾಗಿ ಬಿಟ್ಟ ಚಹಾ

ನಮ್ಮವ್ವ ಚಹಾ ಬಿಟ್ಟದ್ದು ಡಾಕ್ಟರು ಹೇಳಿದರೆಂದಲ್ಲ, ವಯಸ್ಸಾಯಿತೆಂದೂ ಅಲ್ಲ. ಟಿವಿಯಲ್ಲಿ ಬರುವ ಒಬ್ಬ ಹೆಂಗಸು ಜೈಲಿಗೆ ಹೋದಳೆಂದು ಬಿಟ್ಟಳು. ಇದನ್ನು ಹೇಳಿದರೆ ನನ್ನ ಅಂಗಡಿಗೆ ಬರುವ ಗಿರಾಕಿಗಳು ಬಾಯಿಗೆ ಸೆರಗು ಹಚ್ಚಿ ನಗುತ್ತಾರೆ. ನಗಲಿ. ಒಂದು ವರ್ಷದ ಮೇಲೆ ಎರಡು ತಿಂಗಳು ಆ ಹರಕೆಯ ಜೊತೆ ಬಾಳಿದವರು ನಾವು, ಅವರಲ್ಲ.

ನಾನಿರುವುದು ಬಸವಕಲ್ಯಾಣದಲ್ಲಿ. ಬ್ಲೌಸು ಹೊಲಿಯುತ್ತೇನೆ, ಹೊಲಿಸಿಕೊಂಡವರ ಜೊತೆ ಜಗಳ ಆಡುತ್ತೇನೆ. ಎರಡರಲ್ಲೂ ನನ್ನ ಕೈ ಚಲೋ ಎಂದು ಊರಲ್ಲಿ ಹೆಸರಿದೆ. ತವರು ಹುಮನಾಬಾದ್. ಅಲ್ಲಿ ಅವ್ವ ನನ್ನ ತಮ್ಮ ಮತ್ತು ಅವನ ಹೆಂಡತಿಯ ಜೊತೆ ಇದ್ದಾಳೆ. ಗೋಡೆಯ ಆಚೆಗೆ ಕಾಕಿ, ಅಂದರೆ ನಮ್ಮ ಅಪ್ಪನ ತಮ್ಮನ ಹೆಂಡತಿ. ಮೊದಲು ಒಂದೇ ಮನೆ. ಪಾಲಾದಾಗ ನಡುವೆ ಗೋಡೆ ಎದ್ದಿತು, ಆದರೆ ಆ ಗೋಡೆಗೊಂದು ಬಾಗಿಲು ಇಡಲೇಬೇಕೆಂದು ಇಬ್ಬರು ನೆಗೆಣ್ಣಿಯರೂ ಹಟ ಹಿಡಿದರು. ಗಂಡಸರು ಗೊಣಗುತ್ತಲೇ ಇಟ್ಟರು. ಆ ಬಾಗಿಲಿಗೆ ಇಂದಿಗೂ ಚಿಲಕವಿಲ್ಲ.

ಆ ಧಾರಾವಾಹಿ ರಾಜಕೀಯದ್ದು. ಎಷ್ಟೋ ವರ್ಷಗಳಿಂದ ನಡೆಯುತ್ತಿದೆ. ಒಬ್ಬ ಮುಖ್ಯಮಂತ್ರಿ, ಅವನಿಗೆ ಇಬ್ಬರು ಮಕ್ಕಳು, ಇಬ್ಬರೂ ದಂಡ. ಹಿರಿಯ ಸೊಸೆ ಮೊದಮೊದಲು ಮೀಟಿಂಗಿಗೆ ಬಂದ ಗಂಡಸರಿಗೆ ಚಹಾದ ತಟ್ಟೆ ಹಿಡಿದು ಬರುತ್ತಿದ್ದಳು. ಬಂದವಳು ಬಾಗಿಲ ಸಂದಿಯಲ್ಲಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಕೇಳಿಸಿಕೊಂಡು ಕೇಳಿಸಿಕೊಂಡು, ಮೂರನೆಯ ಸೀಸನ್ನಿಗೆ ಬರುವಷ್ಟರಲ್ಲಿ ತಾನೇ ಮಂತ್ರಿಯಾಗಿ ಕೂತಳು. ಅವಳಿಗೆ ಕಥೆಯಲ್ಲೊಂದು ಹೆಸರಿತ್ತು. ನಮ್ಮ ಮನೆಯಲ್ಲಿ ಅದನ್ನು ಯಾರೂ ಬಳಸಲಿಲ್ಲ. ಎಲ್ಲರ ಬಾಯಲ್ಲೂ ಅವಳು ಮಂತ್ರಿಬಾಯಿ. ಅವಳಿಗೆ ನೆಗಡಿಯಾದರೆ ಅವ್ವ ಇಲ್ಲಿ ಶುಂಠಿ ಕುಟ್ಟುವುದೊಂದು ಬಾಕಿ.

ಆ ಸೀಸನ್ನಿನ ಕಡೆಯ ದಿನ ನಾನೂ ಹುಮನಾಬಾದಿನಲ್ಲಿದ್ದೆ. ಮಾವನೆಂಬ ಆ ಮುದಿ ಮುಖ್ಯಮಂತ್ರಿ ಮಂತ್ರಿಬಾಯಿಯಿಂದ ಯಾವುದೋ ಫೈಲಿಗೆ ಸಹಿ ಹಾಕಿಸಿಕೊಂಡು, ಅದೇ ಸಹಿಯಿಂದ ಅವಳನ್ನು ಸಿಕ್ಕಿಸಿದ. ಪೊಲೀಸರು ಬಂದರು. ಅವಳು ಸೊಂಟದ ಕೀಲಿಗೊಂಚಲು ತೆಗೆದು ಮೇಜಿನ ಮೇಲಿಟ್ಟು, ತಿರುಗಿ ನೋಡದೆ ಜೀಪು ಹತ್ತಿದಳು. ಅವ್ವ ಕೂತಲ್ಲಿಂದ ಎದ್ದು ಟಿವಿಗೆ ಕೈ ಮುಗಿದಳು.

"ಈಕಿ ಹೊರಗ ಬರೂ ತನಕ ನಾ ಚಾ ಮುಟ್ಟಂಗಿಲ್ಲ," ಅಂದಳು.

ನಾವೆಲ್ಲ ನಕ್ಕೆವು. ಕಾಕಿಯಂತೂ ಕಣ್ಣೊರೆಸಿಕೊಳ್ಳುತ್ತ, "ಅಕ್ಕಾ, ನಾಳಿಗೇ ಬಿಡಸ್ತಾರ ತಗೊ. ವಕೀಲ ಓಡಾಡಾಕತ್ತಾನ, ನೋಡಿದಿಲ್ಲ?" ಅಂದಳು.

ಮರುದಿನ ಅದೇ ಹೊತ್ತಿಗೆ ಟಿವಿ ಹಚ್ಚಿದರೆ ಯಾರೋ ಬದನೆಕಾಯಿ ಹುರಿಯುತ್ತಿದ್ದರು. ತಮ್ಮನ ಹೆಂಡತಿ ಫೋನು ನೋಡಿ, "ಅತ್ತಿ, ಸೀಸನ್ ಮುಗದದಂತ್ರಿ. ಮುಂದಿನದು ಯಾವಾಗ ಅಂತ ಹೇಳಿಲ್ಲ," ಎಂದಳು.

"ಮುಗದದ ಅಂದ್ರ? ಆಕಿ ಜೇಲಿನ್ಯಾಗ ಕುಂತಾಳ, ಇವರು ಮುಗಿಸಿ ಎದ್ದು ಹೋದ್ರು?" ಅವ್ವನಿಗೆ ನಂಬಿಕೆಯೇ ಬರಲಿಲ್ಲ. ನನಗೂ ಸಿಟ್ಟು ನೆತ್ತಿಗೇರಿತು. ಆ ಸಿಟ್ಟಿನಲ್ಲೇ ಕೇಬಲ್ಲಿನವನ ಅಂಗಡಿಗೆ ಹೋಗಿ, ಮಂತ್ರಿಬಾಯಿಯನ್ನು ಯಾವಾಗ ಬಿಡುತ್ತಾರೆ ಹೇಳು ಎಂದು ನಿಂತೆ. ಅವನು ಪಾಪ, ತಂತಿ ಕೆಳಗಿಟ್ಟು, "ಅಕ್ಕೋರ, ನಾ ಕೇಬಲ್ ಕೊಡಾಂವ್ರಿ. ಜಾಮೀನ ಕೊಡಾಂವ ಅಲ್ಲ," ಅಂದ. 

ಚಹಾ ಬಿಟ್ಟರೆ ಅದರಲ್ಲೇನು ದೊಡ್ಡ ಮಾತು ಎನ್ನುವವರಿಗೆ ಆ ಮನೆಯ ನಾಲ್ಕು ಗಂಟೆಯ ಚಹಾ ಗೊತ್ತಿಲ್ಲ. ಅವ್ವ, ಕಾಕಿ ಇಬ್ಬರೂ ಸೊಸೆಯರಾಗಿ ಬಂದಾಗ ಮನೆ ನಡೆಸುತ್ತಿದ್ದವಳು ನಮ್ಮ ಆಯಿ, ಅಪ್ಪನ ತಾಯಿ. ಕೆಟ್ಟವಳಲ್ಲ, ಆದರೆ ಬಿಗಿ. ಸಕ್ಕರೆ ಡಬ್ಬಿಗೆ ಕೀಲಿ, ಕೀಲಿ ಅವಳ ಸೊಂಟಕ್ಕೆ. ಗಂಡಸರ ಚಹಾ ಆದ ಮೇಲೆ ಅದೇ ಪುಡಿಗೆ ಮತ್ತೆ ನೀರು ಹಾಕಿ ಕುದಿಸಿದ್ದು ಸೊಸೆಯರ ಪಾಲಿಗೆ. ಆಯಿ ಮಧ್ಯಾಹ್ನ ಒಂದು ನಿದ್ದೆ ತೆಗೆದು, ನಾಲ್ಕಕ್ಕೆ ಎದ್ದು ಓಣಿಯ ಗುಡಿಗೆ ಹೋಗುತ್ತಿದ್ದಳು. ಆಗ ಇವರಿಬ್ಬರೂ ಸೆರಗಿನಲ್ಲಿ ಕಟ್ಟಿಟ್ಟುಕೊಂಡಿದ್ದ ಬೆಲ್ಲದ ಚೂರು ಹಾಕಿ ಒಂದು ಕಪ್ಪು ಚಹಾ ಮಾಡುತ್ತಿದ್ದರು. ಒಂದೇ ಕಪ್ಪು. ಒಂದು ಕಪ್ಪಿನ ಹಾಲು ಕಡಿಮೆಯಾದರೆ ಬೆಕ್ಕಿನ ಮೇಲೆ ಹಾಕಬಹುದು, ಎರಡು ಕಪ್ಪಿಗೆ ಆ ಬೆಕ್ಕು ಸಾಲುತ್ತಿರಲಿಲ್ಲ. ಅರ್ಧ ಕಪ್ಪಿನಲ್ಲಿ, ಅರ್ಧ ಅದರ ಕೆಳಗಿನ ತಟ್ಟೆಯಲ್ಲಿ, ಅಂದರೆ ಬಸಿಯಲ್ಲಿ. ಕಪ್ಪು ಕಾಕಿಯದು, ಬಸಿ ಅವ್ವನದು.

ಆಯಿ ತೀರಿಕೊಂಡು, ಮನೆ ಪಾಲಾಗಿ, ಸೊಸೆಯರಿಗೂ ಸೊಸೆಯರು ಬಂದರು. ಬೇಕಾದಷ್ಟು ಸಕ್ಕರೆ, ಬೇಕಾದಷ್ಟು ಹಾಲು. ಆದರೂ ನಾಲ್ಕಕ್ಕೆ ಕಾಕಿ ಆ ಚಿಲಕವಿಲ್ಲದ ಬಾಗಿಲು ತಳ್ಳಿಕೊಂಡು ಬರುತ್ತಿದ್ದಳು, ಒಂದೇ ಕಪ್ಪು ಚಹಾ ಆಗುತ್ತಿತ್ತು, ಅದೇ ನೀಲಿ ಹೂವಿನ, ಹಿಡಿಕೆ ಮುರಿದ ಕಪ್ಪು, ಅದೇ ಬಸಿ. ತಮ್ಮನ ಹೆಂಡತಿ ಹೊಸ ಸೆಟ್ಟು ತಂದಿಟ್ಟಳು. ಅದು ಬಂದವರಿಗೆ ಆಯಿತು.

ಹರಕೆ ಹೊತ್ತ ಮೇಲೂ ಕಾಕಿ ನಾಲ್ಕಕ್ಕೆ ಬರುವುದು ಬಿಡಲಿಲ್ಲ. ಅವ್ವ ಅವಳೊಬ್ಬಳಿಗೇ ಮಾಡಿಕೊಡುತ್ತಿದ್ದಳು. ಕಾಕಿ ಅರ್ಧ ಕುಡಿದು ಅರ್ಧ ಹಾಗೇ ಬಿಟ್ಟು ಏಳುತ್ತಿದ್ದಳು. ಪೂರ್ತಿ ಕುಡಿದು ಅವಳಿಗೆ ರೂಢಿಯೇ ಇರಲಿಲ್ಲ. ಉಳಿದದ್ದನ್ನು ಅವ್ವ ಕರಿಬೇವಿನ ಬುಡಕ್ಕೆ ಸುರಿಯುತ್ತಿದ್ದಳು. ಅದನ್ನು ಒಂದು ದಿನ ಕಣ್ಣಾರೆ ನೋಡಿ ನಾನು ಅವ್ವನ ಮೇಲೆ ಹರಿಹಾಯ್ದೆ.

"ದೇವರ ಮುಂದ ಬೇಡ್ಕೊಂಡಿದ್ದೇನು ಅಲ್ಲ ಅದು. ಟಿವಿ ಮುಂದ. ಬಿಟ್ಟು ಬಿಡು," ಅಂದೆ.

"ದೇವರ ಮುಂದ ಮಾಡಿದ್ರ ದೇವರು ಮಾಫ್ ಮಾಡತಾನ," ಅಂದಳು ಅವ್ವ. "ಟಿವಿ ಮುಂದ ಮಾಡೀನಿ. ಯಾರು ಮಾಫ್ ಮಾಡಬೇಕು, ನೀನೇ ಹೇಳು."

ಮಾತಿನಲ್ಲಿ ಸೋತರೆ ನಾನು ಕಿತಾಪತಿಗೆ ಇಳಿಯುವವಳು. ತಮ್ಮನ ಹೆಂಡತಿಯನ್ನು ಜೊತೆಗೆ ಹಾಕಿಕೊಂಡು, ಫೋನಿನಲ್ಲಿ ಬೇರೆ ಯಾವುದೋ ಕಥೆಯ ಹೆಂಗಸೊಬ್ಬಳು ಜೈಲಿನ ಗೇಟಿನಿಂದ ಹೊರಬರುವ ತುಣುಕು ಹುಡುಕಿ, ನೋಡು, ಬಿಟ್ಟರು ಎಂದು ತೋರಿಸಿದೆ. ಅವ್ವ ಫೋನನ್ನು ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು ನೋಡಿದಳು. "ಈಕಿಗಿ ಮೂಗುತಿ ಅದ. ನಮ್ಮ ಬಾಯಿ ಮೂಗು ಚುಚ್ಚಿಸಿಲ್ಲ," ಅಂದಳು. ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು.

ಹೀಗೇ ಇನ್ನೂ ಎಷ್ಟು ದಿನ ನಡೆಯುತ್ತಿತ್ತೋ. ಅಷ್ಟರಲ್ಲಿ ಎರಡು ಸುದ್ದಿ ಒಟ್ಟಿಗೆ ಬಂದವು. ಒಂದು, ಹೊಸ ಸೀಸನ್ನಿನ ಮೊದಲ ಕಂತು ಬರುವ ಭಾನುವಾರ ಸಂಜೆ ಆರಕ್ಕೆ. ಇನ್ನೊಂದು, ಕಾಕಿಯ ಮಗ ಬಸವಕಲ್ಯಾಣದಲ್ಲಿ ಕಟ್ಟಿಸುತ್ತಿದ್ದ ಮನೆ ಮುಗಿದಿದೆ, ಆ ಭಾನುವಾರದ ಮುಂದಿನ ಶುಕ್ರವಾರ ಗೃಹಪ್ರವೇಶ. ಕಾಕಿ ಮಗನ ಜೊತೆ ಅಲ್ಲೇ ಇರಲು ಬರುತ್ತಾಳೆ. ಹುಮನಾಬಾದಿನ ಅವಳ ಪಾಲಿನ ಮನೆಗೆ ಬಾಡಿಗೆಯವರು ಬರುತ್ತಾರೆ.

ಕಾಕಿ ನನಗೆ ಫೋನು ಮಾಡಿದಳು. "ಮಗಳ, ಐತವಾರ ನೀ ಬಾ," ಅಂದಳು. "ಆಕಿ ಹೊರಗ ಬರತಾಳ, ನಿಮ್ಮವ್ವ ಹರಕಿ ಬಿಡತಾಳ. ಆಮ್ಯಾಲ ನನ್ನ ಕೈಯಾಗ ನಾಕ ದಿನ ಉಳೀತಾವ. ನಾಕ ದಿನ ಇಬ್ಬರೂ ಕೂಡಿ ಕುಡದು, ನಾ ಖುಶೀಲೆ ಹೋಗತೀನಿ." ಅವಳು ಇಷ್ಟು ಬಿಡಿಸಿ ಕೇಳಿದ್ದು ಅದೇ ಮೊದಲು. ಶುಕ್ರವಾರದ ಗಿರಾಕಿಯ ಆರು ಬ್ಲೌಸು ಬದಿಗಿಟ್ಟು ಹೊರಟೆ.

ಹೆದ್ದಾರಿಯಲ್ಲಿ ಹಳ್ಳಿಖೇಡದ ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರುಗಳು. ಒಂದೊಂದಕ್ಕೂ ಎರಡೆರಡು ಟ್ರಾಲಿ, ದಾರಿ ಬಿಡುವ ಮಾತೇ ಇಲ್ಲ. ಅವುಗಳ ಹಿಂದೆ ನಮ್ಮ ಬಸ್ಸು. ನಾನು ಡ್ರೈವರಿಗೆ ಎರಡು ಸಲ, ಕಂಡಕ್ಟರಿಗೆ ಮೂರು ಸಲ ಜೋರು ಮಾಡಿದೆ. ಕಂಡಕ್ಟರ್ ಕಡೆಗೆ, "ಯಾರರೇ ದವಾಖಾನ್ಯಾಗ ಅದಾರೇನ್ರಿ?" ಎಂದು ಮೆಲ್ಲಗೆ ಕೇಳಿದ. ಜೇಲಿನಲ್ಲಿದ್ದಾರೆ ಎಂದು ಹೇಳಲು ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಆರಕ್ಕೆ ಹತ್ತು ನಿಮಿಷ ಇದ್ದಾಗ ಮನೆ ಮುಟ್ಟಿದೆ.

ಒಳಗೆ ಹಬ್ಬದ ತಯಾರಿ. ಅವ್ವ ಟಿವಿ ಒರೆಸಿ, ಅದರ ಮುಂದೆ ಮಣೆಯ ಮೇಲೆ ಒಂದು ತೆಂಗಿನಕಾಯಿ ಇಟ್ಟಿದ್ದಳು. ಹರಕೆ ಎಲ್ಲಿ ಹೊತ್ತದ್ದೋ ಅಲ್ಲೇ ಕಾಯಿ ಒಡೆದು ಬಿಡಬೇಕು ಎಂಬುದು ಅವಳ ಲೆಕ್ಕ. ಕಾಕಿ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಒಂದು ಕಣ್ಣು ಟಿವಿಯ ಮೇಲೆ, ಒಂದು ಕಣ್ಣು ಒಲೆಯ ಮೇಲೆ ಇಟ್ಟಿದ್ದಳು. ಹಾಲು ಅಳೆದಿಟ್ಟಾಗಿತ್ತು, ಶುಂಠಿ ಕುಟ್ಟಿಟ್ಟಾಗಿತ್ತು. ನೀಲಿ ಹೂವಿನ ಕಪ್ಪು, ಬಸಿ ತೊಳೆದು ಬೋರಲು ಹಾಕಿದ್ದವು. ಹಾಡು ಶುರುವಾದ ಕೂಡಲೇ ಕಾಕಿ ಚಹಾಕ್ಕೆ ಇಟ್ಟಳು.

ಮೊದಲು ಹಳೆಯದನ್ನೆಲ್ಲ ಒಮ್ಮೆ ತೋರಿಸಿದರು. ಸಹಿ, ಪೊಲೀಸರು, ಕೀಲಿಗೊಂಚಲು, ಜೀಪು. ಅವ್ವ ಸೆರಗು ಹೊದ್ದು ನೆಟ್ಟಗೆ ಕೂತಳು. ಆಮೇಲೆ ಜಾಹೀರಾತು. ಆಮೇಲೆ ಪರದೆ ಕಪ್ಪಾಗಿ ಬಿಳಿ ಅಕ್ಷರ ಬಂತು. ತಮ್ಮನ ಹೆಂಡತಿ ಜೋರಾಗಿ ಓದಿದಳು: "ನಾಲ್ಕು ವರ್ಷಗಳ ನಂತರ."

ಹೆಲಿಕಾಪ್ಟರಿನಿಂದ ಮಂತ್ರಿಬಾಯಿ ಇಳಿದಳು. ಬಿಳಿ ಸೀರೆ, ಕಿವಿಯ ಮೇಲೆ ಸ್ವಲ್ಪ ನರೆ, ಕೊರಳ ತುಂಬ ಹಾರ. ಈಗ ಅವಳು ಇಡೀ ಪಕ್ಷಕ್ಕೇ ಅಧ್ಯಕ್ಷೆ. ಮಾವ ಗಾಲಿಕುರ್ಚಿಯಲ್ಲಿದ್ದ. ಜೈಲಿನ ಮಾತನ್ನು ಯಾರೂ ಎತ್ತಲಿಲ್ಲ. ಅವಳು ಯಾವಾಗ ಹೊರಬಂದಳು, ಹೇಗೆ ಬಂದಳು, ಗೇಟಿನ ಹತ್ತಿರ ಯಾರು ನಿಂತಿದ್ದರು, ಒಂದು ಅಕ್ಷರವಿಲ್ಲ. ಒಳಗೆ ಚಹಾ ಉಕ್ಕಿ ಒಲೆ ಆರಿತು. ಇದನ್ನು ಬರೆದವನು ಕೈಗೆ ಸಿಕ್ಕಿದ್ದರೆ ನನ್ನ ಕತ್ತರಿಗೆ ಅಂದು ಬೇರೆ ಕೆಲಸ ಇರುತ್ತಿತ್ತು.

ಕಂತು ಮುಗಿಯುವ ತನಕ ಅವ್ವ ಅಲುಗಲಿಲ್ಲ. ಮುಗಿದ ಮೇಲೆ ಎದ್ದು ಮಣೆಯ ಮೇಲಿನ ಕಾಯಿ ತೆಗೆದು ಗೂಡಿನಲ್ಲಿಟ್ಟಳು.

"ಅಕ್ಕಾ, ಯಾಕ ತಗದಿ?" ಅಂದಳು ಕಾಕಿ. "ಬಂದಾಳಲ್ಲ ಹೊರಗ. ಹೆಲಿಕಾಪ್ಟರಿನ್ಯಾಗ ಬಂದಾಳ."

"ಬಂದದ್ದು ಯಾರು ನೋಡ್ಯಾರ? ಗವಾಹಿ ಯಾರು?"

"ನಿನ್ನ ಮಗ ಹುಟ್ಟಿದಾಗ ಭಾವಾ ಊರಾಗ ಇದ್ದಿದ್ದಿಲ್ಲ. ಅವರು ನೋಡಿಲ್ಲ ಅಂತ ಹುಟ್ಟಿಲ್ಲೇನು?"

ತಮ್ಮನ ಹೆಂಡತಿ ಫಕ್ಕನೆ ನಕ್ಕಳು. ನಾನೂ ನಕ್ಕೆ. ಅವ್ವ ನಗಲಿಲ್ಲ. "ಹೊರಗ ಬರೂದು ನೋಡತೀನಿ ಅಂತ ಬೇಡ್ಕೊಂಡೀನಿ. ನೋಡಿಲ್ಲ. ನನ್ನ ಮನಸ ಕಬೂಲ್ ಮಾಡವಲ್ದು," ಅಂದಳು.

ಕಾಕಿಯ ಮುಖ ಇಳಿಯಿತು. ಅವಳು ಜಗಳಗಂಟಿಯಲ್ಲ, ಆ ಕೆಲಸವನ್ನು ಯಾವಾಗಲೂ ನಮಗೇ ಬಿಟ್ಟವಳು. ಎದ್ದು ಬಾಗಿಲ ತನಕ ಹೋಗಿ, ಅಲ್ಲಿಂದಲೇ, "ಟಿವ್ಯಾಗಿನಾಕಿ ಸಲುವಾಗಿ ಬಿಟ್ಟಿ. ನನ್ನ ಸಲುವಾಗಿ ಹಿಡೀಲಾರಿ," ಅಂದಳು. ಬಾಗಿಲು ಎಳೆದುಕೊಂಡು ಹೋದಳು.

ಅವ್ವನಿಗೆ ಬಾಯಿಗೆ ಬಂದಂತೆ ಅಂದೆ. ಹಟಮಾರಿ ಅಂದೆ, ಕಲ್ಲು ಅಂದೆ. ಅಂದ ಮೇಲೆ ನನಗೇ ಕೆಟ್ಟದೆನಿಸಿತು, ಆದರೆ ಅಂದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ಗುಣ ನನಗಿಲ್ಲ. ಅದು ಅವ್ವನಿಂದಲೇ ಬಂದದ್ದು.

ಮರುದಿನ ಬೆಳಿಗ್ಗೆ ನಾನು ಊರಿಗೆ ಹೊರಡುವ ಮೊದಲು ಅವ್ವ ಅಂಗಳದಲ್ಲಿ ತೊಗರಿ ಕೇರುತ್ತಿದ್ದಳು. ಎದುರಿಗೆ ಕೂತೆ. ಅವಳೇ ಬಾಯಿ ಬಿಟ್ಟಳು.

"ಮೊದಲಿನ ಎರಡ ತಿಂಗಳಾ ನಾಕ ಗಂಟೆ ಆತಂದ್ರ ತಲಿ ಸಿಡಿಯೂದು. ಈಗ ಇಲ್ಲ. ಈಗ ಬರೋಬರಿ ಇದ್ದೀನಿ." ಮೊರ ಕೆಳಗಿಟ್ಟಳು. "ನಾಕ ದಿನ ಕುಡದ್ರ ಮತ್ತ ರೂಢಿ ಆಗತದ. ಐದನೇ ದಿನ ಆಕಿ ಇರಂಗಿಲ್ಲ. ಆಗ ಬಸಿ ಹಿಡಕೊಂಡು ಯಾರ ಮುಂದ ಕೂಡಲಿ?"

ಹರಕೆಯ ಹಟ ಎಂದು ನಾನು ತಿಳಿದದ್ದು ಇದನ್ನು. ಹೇಳಬಾರದಿತ್ತೇ ಕಾಕಿಗೆ ಎಂದು ಕೇಳಿದೆ. "ಹೇಳಿದ್ರ ಆಕಿ ಹೋಗಂಗಿಲ್ಲ," ಅಂದಳು. "ಮಗ ಮನಿ ಕಟ್ಟಸ್ಯಾನ. ಹೋಗಬೇಕು ಆಕಿ." ಮತ್ತೆ ಮೊರ ಎತ್ತಿಕೊಂಡಳು. ನಾನು ಕಾಕಿಯ ಮನೆಗೆ ಹೋಗಿ ಎಲ್ಲವನ್ನೂ ಹೇಳಿಬಿಟ್ಟೆ. ಗುಟ್ಟು ಇಟ್ಟುಕೊಳ್ಳುವ ಗುಣವೂ ನನಗಿಲ್ಲ. ಕಾಕಿ ಸೀರೆ ಮಡಚುತ್ತ ಕೇಳಿಸಿಕೊಂಡಳು.

ಶುಕ್ರವಾರ ಬಸವಕಲ್ಯಾಣದ ಹೊಸ ಮನೆ. ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಅವ್ವ ಬೆಳಿಗ್ಗೆ ಬಸ್ಸಿಗೇ ಬಂದಳು, ಬರುವಾಗಲೇ ಸಿಡಿಮಿಡಿ. ನೀಲಿ ಹೂವಿನ ಕಪ್ಪು, ಬಸಿ ಎರಡೂ ಕಾಣುತ್ತಿಲ್ಲವಂತೆ, ಎಲ್ಲಿಟ್ಟಿ ಎಂದು ತಮ್ಮನ ಹೆಂಡತಿಯನ್ನು ದಾರಿಯುದ್ದಕ್ಕೂ ಬೈದಿದ್ದಳು. ಅವಳು ನನ್ನ ಕಿವಿಯಲ್ಲಿ, "ಅಕ್ಕೋರ, ಆ ಒಡಕು ಕಪ್ಪ ನಾ ಯಾಕ ಮುಟ್ಟಲಿ?" ಎಂದು ಅಳುವಂತಾದಳು. ಹೊಸ್ತಿಲಿಗೆ ಒಡೆಯಲು ಕಾಯಿ ಬೇಕೆಂದಾಗ ಅವ್ವ ತನ್ನ ಚೀಲದಿಂದ ಒಂದು ತೆಗೆದುಕೊಟ್ಟಳು. ಜುಟ್ಟಿಗೆ ಅರಿಸಿಣ ಹಚ್ಚಿದ್ದು ನೋಡಿ ನನಗೆ ಗುರುತು ಸಿಕ್ಕಿತು. ಟಿವಿಯ ಮುಂದೆ ಇಟ್ಟಿದ್ದ ಅದೇ ಕಾಯಿ. ಅಪರೂಪಕ್ಕೆ ಸುಮ್ಮನಿದ್ದೆ.

ಹೊಸ ಒಲೆಯ ಮೇಲೆ ಹಾಲು ಉಕ್ಕಿಸಿದರು. ಪೂಜೆ ಮುಗಿಯಿತು. ಬಂದವರಿಗೆಲ್ಲ ಕಾಗದದ ಲೋಟದಲ್ಲಿ ಚಹಾ ಹೋಯಿತು. ಅವ್ವ ತನ್ನ ಪಾಲಿನದನ್ನು ಪಕ್ಕದವಳಿಗೆ ದಾಟಿಸಿದಳು. ಊಟ ಮುಗಿದು ಮಂದಿ ಕರಗಿದ ಮೇಲೆ ಕಾಕಿ ಅವಳ ಕೈ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋದಳು. ಹಿಂದೆಯೇ ನಾನು. ಗೋಡೆಯ ಹೊಸ ಗಡಿಯಾರದಲ್ಲಿ ನಾಲ್ಕಾಗುತ್ತ ಬಂದಿತ್ತು. ಉಕ್ಕಿಸಿದ ಹಾಲಿನಲ್ಲಿ ಸ್ವಲ್ಪ ತೆಗೆದಿಟ್ಟಿದ್ದಳು ಕಾಕಿ. ಚಹಾ ಕುದಿಸಿ, ಬಟ್ಟೆಯ ಗಂಟೊಂದನ್ನು ಬಿಚ್ಚಿದಳು. ಕಪ್ಪು, ಬಸಿ.

"ಇದು ಇಲ್ಲಿ ಹ್ಯಾಂಗ ಬಂತು? ಮುಂಜಾನಿಂದ ಸೊಸಿಗಿ ಬೈದು ಇಟ್ಟೀನಿ," ಅಂದಳು ಅವ್ವ.

"ನಾ ಕದ್ದು ತಂದೀನಿ," ಅಂದಳು ಕಾಕಿ. ಇಬ್ಬರೂ ಹೊಸ ನೆಲದ ಮೇಲೆ ಎದುರಾ ಬದುರಾ ಕೂತರು. ಕಾಕಿ ಅರ್ಧ ಬಸಿಗೆ ಸುರಿದು ಅವ್ವನ ಕಡೆಗೆ ಸರಿಸಿದಳು. ಅವ್ವ ಕೈ ಚಾಚಲಿಲ್ಲ.

"ಅಕ್ಕಾ, ಆ ಬಾಯಿ ಹೊರಗ ಬಂದದ್ದು ನೀ ನೋಡಿಲ್ಲ. ಖರೆ ಅದ. ಇವತ್ತ ನಾ ಹೊರಗ ಬಂದದ್ದು ನೋಡಿದಿಲ್ಲ?"

"ನೀ ಯಾವ ಜೇಲಿನ್ಯಾಗ ಇದ್ದಿ?"

ಕಾಕಿ ಕಪ್ಪನ್ನು ತನ್ನ ಕಡೆಗೆ ಎಳೆದುಕೊಂಡಳು. "ಅತ್ತಿ ಮನಿ ಜೇಲ ಅಂತ ಆಗ ನನಗೂ ತಿಳಿದಿದ್ದಿಲ್ಲ," ಅಂದಳು. "ನೀ ಇದ್ದಿ. ಅದಕ್ಕ ತಿಳೀಲಿಲ್ಲ."

ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ಬಸಿಯನ್ನು ಎರಡೂ ಕೈಯಲ್ಲಿ ಎತ್ತಿ, ಊದಿ, ಒಂದು ಗುಟುಕು ಕುಡಿದಳು. ಹದಿನಾಲ್ಕು ತಿಂಗಳ ಮೇಲೆ ಚಹಾ ಕುಡಿದು ಅವಳು ಆಡಿದ ಮೊದಲ ಮಾತು ಇದು:

"ಸಕ್ಕರಿ ಕಮ್ಮಿ ಆಗ್ಯಾದ."

ಕಾಕಿ ಕೂತಲ್ಲಿಂದಲೇ ಕೈ ಚಾಚಿ, ಕೆಳಗಿನ ಗೂಡಿನಿಂದ ಹೊಸ ಸ್ಟೀಲ್ ಡಬ್ಬಿ ಎಳೆದು, ಮುಚ್ಚಳ ತೆಗೆದು ಅವ್ವನ ಮುಂದಿಟ್ಟಳು.

"ತಗೊ," ಅಂದಳು. "ಈ ಮನ್ಯಾಗ ಡಬ್ಬಿಗಿ ಕೀಲಿ ಇಲ್ಲ."

ಅವ್ವ ಎರಡು ಚಮಚ ಹಾಕಿಕೊಂಡಳು.